ಹದಿನೇಳನೆಯ ವಾಲ್ವು

ಹಳೆಯ ನಕ್ಷೆಗಳಿಗೆ ಒಂದು ವಾಸನೆ ಇರುತ್ತಿತ್ತು. ಕಂಪ್ಯೂಟರು ಬರುವ ಮೊದಲು ಇಂಜಿನಿಯರುಗಳ ಕಚೇರಿಯಲ್ಲಿ ನಕ್ಷೆಯ ಪ್ರತಿ ತೆಗೆಯಲು ಅಮೋನಿಯಾ ಬಳಸುತ್ತಿದ್ದರು. ಸುರುಳಿ ಬಿಚ್ಚಿದರೆ ಮೂಗಿನೊಳಗೆ ಚುರ್ರೆನ್ನುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಹೋದ ವಾರ ನಮ್ಮ ಪುರಸಭೆಯ ಕಿರಿಯ ಇಂಜಿನಿಯರು ಚೈತ್ರಾ ನನ್ನ ಮನೆಯ ಊಟದ ಮೇಜಿನ ಮೇಲೆ ಅಂಥದ್ದೊಂದು ಸುರುಳಿ ಬಿಚ್ಚಿದಾಗ ಆ ವಾಸನೆ ಬಂತು. ಬಂತು ಎಂದು ನನಗನ್ನಿಸಿತು. ಆಕೆ ಬಗ್ಗಿ ಮೂಸಿ ನೋಡಿ, "ಏನೂ ಇಲ್ವಲ್ಲ ಸಾರ್, ಜಿರಲೆ ವಾಸನೆ ಅಷ್ಟೆ" ಎಂದರು. ಅವರೇ ಸರಿ ಇರಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಬ್ಬಿಣದ ಬೀರುವಿನಲ್ಲಿದ್ದ ಕಾಗದದಲ್ಲಿ ಅಮೋನಿಯಾ ಉಳಿದಿರುವುದು ಸಾಧ್ಯವಿಲ್ಲ. ಅಂದಮೇಲೆ ಅದು ನನ್ನ ಮೂಗೇ ಮಾಡಿಕೊಂಡ ವಾಸನೆ. ಮುಂದೆ ನಾನು ಹೇಳುವುದನ್ನೆಲ್ಲ ನೀವು ಈ ಮೂಗಿನ ಯೋಗ್ಯತೆಗೆ ತಕ್ಕಷ್ಟು ಮಾತ್ರ ನಂಬಿದರೆ ಇಬ್ಬರಿಗೂ ಕ್ಷೇಮ.

ನಕ್ಷೆ ನಮ್ಮೂರಿನ ನೀರಿನ ಪೈಪುಗಳದ್ದು. ಊರಿನ ಹೆಸರು ಬೇಡ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ಬಸ್ಸುಗಳು ಕಾಫಿಗೆಂದು ಹತ್ತು ನಿಮಿಷ ನಿಲ್ಲುವ ಊರು ಎಂದರೆ ಸಾಕು. ಕಾಗದದ ಬಲಗಡೆಯ ಕೆಳಮೂಲೆಯಲ್ಲಿ "ಅಳೆದು ಬರೆದವರು" ಎಂದು ನನ್ನ ಹೆಸರಿದೆ. ಹೆಸರಿನ ಮುಂದೆ ಎಂ.ಎ. ಎಂದೂ ಬರೆದುಕೊಂಡಿದ್ದೆ. ನೆಲದಡಿಯ ಪೈಪಿಗೆ ಅದರಿಂದ ಏನು ಪ್ರಯೋಜನವೆಂದು ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ಚೈತ್ರಾ ಬೆರಳಿಟ್ಟು ತೋರಿಸಿದ್ದು ಆ ಮೂಲೆಯನ್ನಲ್ಲ, ದಿಬ್ಬದ ಬೀದಿಯ ತಿರುವನ್ನು. ಅಲ್ಲಿ ಒಂದು ಸಣ್ಣ ವೃತ್ತ, ಪಕ್ಕದಲ್ಲಿ ಹದಿನೇಳು ಎಂಬ ಅಂಕಿ, ಅದರ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿ: "ಬಾಬಣ್ಣನ ಗೂಡಂಗಡಿಯ ಎಡ ಮುಂಗಾಲಿನಿಂದ ಹದಿನಾಲ್ಕು ಅಡಿ."

"ಬಾಬಣ್ಣ ಅಂದ್ರೆ ಯಾರು ಸಾರ್? ಅಂಗಡಿ ಎಲ್ಲಿದೆ?"

ಬಾಬಣ್ಣ ಬೀಡಿ, ಬಾಳೆಹಣ್ಣು, ಕಡ್ಡಿಪೆಟ್ಟಿಗೆ ಮಾರುತ್ತಿದ್ದವನು. ಈಗ ಅವನೂ ಇಲ್ಲ, ಅಂಗಡಿಯೂ ಇಲ್ಲ. ಚೈತ್ರಾರ ಅವಸರಕ್ಕೆ ಕಾರಣವಿತ್ತು. ಸೋಮವಾರ ಆ ತಿರುವಿಗೆ ಕಾಂಕ್ರೀಟು ಬೀಳುತ್ತದೆ. ಅದಕ್ಕೆ ಮೊದಲು ವಾಲ್ವು ಸಿಕ್ಕರೆ ಸುತ್ತ ಇಟ್ಟಿಗೆ ಕಟ್ಟಿ ಮೇಲೊಂದು ಕಬ್ಬಿಣದ ಮುಚ್ಚಳ ಇಡಬಹುದು. ಸಿಗದಿದ್ದರೆ ಅದು ಕಾಂಕ್ರೀಟಿನ ಅಡಿಗೆ ಹೋಗುತ್ತದೆ. ಮುಂದೊಂದು ದಿನ ದಿಬ್ಬದ ನಲವತ್ತು ಮನೆಗಳಿಗೆ ನೀರು ನಿಂತರೆ ರಸ್ತೆ ಒಡೆಯಬೇಕು, ಎಲ್ಲಿ ಒಡೆಯಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಆ ಅಳತೆ ತಪ್ಪು ಎಂದು ನಾನು ಹೇಳಿದೆ. ತಪ್ಪೆಂದು ನಿಮಗೆ ಯಾವಾಗ ಗೊತ್ತಾಯಿತು ಎಂದು ಆಕೆ ಕೇಳಿದರು. ಬರೆದು ಒಂದು ವರ್ಷದೊಳಗೆ ಎಂದೆ.

"ಮತ್ತೆ ಯಾಕೆ ಸಾರ್ ತಿದ್ದಲಿಲ್ಲ?"

ಇದಕ್ಕೆ ಒಂದು ಸಾಲಿನ ಉತ್ತರ ನನ್ನಲ್ಲಿರಲಿಲ್ಲ. ಹೂವಪ್ಪನವರಿಂದ ಶುರು ಮಾಡಬೇಕಾಗಿತ್ತು. ಚೈತ್ರಾರಿಗೆ ಅಷ್ಟು ಪುರುಸೊತ್ತಿರಲಿಲ್ಲ, ನಿಮಗೆ ಇದ್ದೀತು.

ಹೂವಪ್ಪ ನಮ್ಮೂರಿನ ನೀರುಗಂಟಿ. ಬೆಳಿಗ್ಗೆ ಐದಕ್ಕೆ ಎದ್ದು, ಹೆಗಲ ಮೇಲೆ ಎದೆಯೆತ್ತರದ ಕಬ್ಬಿಣದ ಚಾವಿ ಹೊತ್ತು, ಬೀದಿಯಿಂದ ಬೀದಿಗೆ ಹೋಗಿ ನೆಲದಡಿಯ ವಾಲ್ವುಗಳನ್ನು ತಿರುಗಿಸಿ ಒಂದೊಂದು ಬೀದಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಚಾವಿ ಎಂದರೆ ಕೀಲಿಕೈಯಲ್ಲ. ಉದ್ದ ಸರಳು, ಮೇಲ್ತುದಿಗೆ ಅಡ್ಡ ಹಿಡಿ, ಕೆಳತುದಿಗೆ ವಾಲ್ವಿನ ತಲೆಗೆ ಕೂರುವ ಚೌಕ ಬಾಯಿ. ವಾಲ್ವುಗಳು ಎಲ್ಲಿವೆ ಎಂಬುದಕ್ಕೆ ಪುರಸಭೆಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ಪೈಪು ಹಾಕಿಸಿದವರು ಎಂದೋ ವರ್ಗವಾಗಿ ಹೋಗಿದ್ದರು. ಎಲ್ಲವೂ ಹೂವಪ್ಪನವರ ತಲೆಯಲ್ಲಿತ್ತು.

ಇಲ್ಲಿ 'ಹೂವಪ್ಪನವರು' ಎಂದು ಬರೆಯುತ್ತಿದ್ದೇನೆ. ಆಗ ಅವರನ್ನು ನೀವು ಎನ್ನುತ್ತಿದ್ದೆನೋ ನೀನು ಎನ್ನುತ್ತಿದ್ದೆನೋ ನಿಜಕ್ಕೂ ನೆನಪಿಲ್ಲ. ಅವರು ದಿನಗೂಲಿಯವರು, ನಾನು ಮೇಷ್ಟ್ರ ಮಗ. ನೀನು ಎಂದೇ ಇರಬಹುದು. ಈಗ ಬರೆಯುವ ಹೊತ್ತಿಗೆ ಕೈ ತಾನಾಗಿ ಬಹುವಚನ ಸೇರಿಸುತ್ತದೆ. ಅವರಿಗೆ ಇದರಿಂದ ಬರಬೇಕಾದ ಲಾಭ ತಪ್ಪಿಹೋಗಿ ಬಹಳ ಕಾಲವಾಯಿತು.

ಒಂದು ಸಲ ಹೂವಪ್ಪನವರಿಗೆ ಜ್ವರ ಬಂತು. ನಾಲ್ಕು ದಿನ ಊರಿಗೆ ನೀರಿಲ್ಲ. ಟ್ಯಾಂಕು ತುಂಬಿ ಮೇಲಿಂದ ಚೆಲ್ಲುತ್ತಿತ್ತು, ನಲ್ಲಿಗಳು ಒಣಗಿದ್ದವು. ಬಯಲುಸೀಮೆಯಿಂದ ಆಗಷ್ಟೇ ಬಂದಿದ್ದ ಮುಖ್ಯಾಧಿಕಾರಿಗಳು ಸಭೆಯಲ್ಲಿ ಒಂದು ಮಾತು ಹೇಳಿದರು: "ಒಂದು ಊರು ಒಬ್ಬನ ತಲೆಯೊಳಗೆ ಇರಬಾರದು." ಎಷ್ಟು ಸಲ ತಿರುಗಿಸಿ ನೋಡಿದರೂ ಈ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಅವರು ಕೆಟ್ಟವರಲ್ಲ. ಕಡತದ ಮೇಲೆ ದೂಳು ಕಂಡರೆ ತಮ್ಮದೇ ಕರ್ಚೀಫಿನಿಂದ ಒರೆಸುತ್ತಿದ್ದ ಮನುಷ್ಯ.

ನಮ್ಮ ಪುರಸಭೆಯ ಬಗ್ಗೆ ತಮಾಷೆ ಮಾಡುವುದು ಸುಲಭ, ನಾನೂ ಬೇಕಾದಷ್ಟು ಮಾಡಿದ್ದೇನೆ. ತಿಂಗಳಿಗೊಂದು ಸಭೆ. ಬಸ್ ನಿಲ್ದಾಣದ ಮೂತ್ರಾಲಯ, ಮೀನು ಮಾರುಕಟ್ಟೆಯ ಕೊಳೆನೀರು, ಬೀದಿನಾಯಿ, ಯಾರದೋ ಸಂಪಿಗೆ ಮರದ ಕೊಂಬೆ ಯಾರದೋ ಹಂಚಿನ ಮೇಲೆ ಬಿದ್ದದ್ದು. ಪ್ರತಿಯೊಂದಕ್ಕೂ "ಪರಿಶೀಲಿಸಲಾಗುವುದು" ಅಥವಾ "ಮುಂದಿನ ಸಭೆಗೆ ಇಡುವುದು". ವಿಶ್ವವಿದ್ಯಾಲಯದಲ್ಲಿ ರಾಜ್ಯ, ಸಮಾಜ ಎಂದೆಲ್ಲ ದೊಡ್ಡ ದೊಡ್ಡ ಪದ ಕಲಿತು ಬಂದಿದ್ದ ನನಗೆ ಅದೆಲ್ಲ ನಗೆಪಾಟಲಾಗಿ ಕಾಣುತ್ತಿತ್ತು. ಮುಂದೆ ಎರಡು ಮೂರು ಕಡೆ ಪಾಠ ಮಾಡಿ, ಎರಡು ಮೂರು ಕಡೆ ಬಿಟ್ಟು, ಇಲ್ಲಿಗೇ ಬಂದು ಕೂತ ಮೇಲೆ ಒಂದು ವಿಷಯ ಗಮನಿಸಿದೆ. ಆ ದೊಡ್ಡ ಪದಗಳ ವಿಷಯದಲ್ಲಿ ನಾವು ಏನೂ ತೀರ್ಮಾನಿಸಿರಲಿಲ್ಲ. ಸಂಪಿಗೆ ಕೊಂಬೆಯನ್ನು ಮಾತ್ರ ಪುರಸಭೆ ಹೇಗೋ ಕಡಿಸಿತ್ತು.

ನಕ್ಷೆ ಮಾಡಿಸುವುದೆಂದು ತೀರ್ಮಾನವಾದಾಗ, ಮೇಷ್ಟ್ರ ಮಗ ಭೂಗೋಳ ಓದಿ ಮನೆಯಲ್ಲೇ ಕೂತಿದ್ದಾನೆ ಎಂದು ಯಾರೋ ನೆನಪಿಸಿದರು. ಎಂ.ಎ. ಮುಗಿಸಿ ಹನ್ನೊಂದು ತಿಂಗಳು ಮನೆಯಲ್ಲಿ ಕೂತು ಎಲ್ಲವನ್ನೂ ಸಂಶಯಿಸುವ ಕೆಲಸವನ್ನು ಮಾತ್ರ ಮಾಡುತ್ತಿದ್ದ ನನಗೆ ಉಕ್ಕಿನ ಅಳತೆ ಪಟ್ಟಿಯೊಂದನ್ನು ಕೊಟ್ಟು ಹೂವಪ್ಪನವರ ಜೊತೆ ಬೀದಿಗೆ ಬಿಟ್ಟರು.

ಹೂವಪ್ಪನವರಿಗೆ ಈ ನಕ್ಷೆಯ ಮೇಲೆ ದೊಡ್ಡ ಆಸೆಯಿತ್ತು. ಅವರು ಹದಿನೆಂಟು ವರ್ಷದಿಂದ ನೀರು ಬಿಡುತ್ತಿದ್ದರು. ಪುರಸಭೆಯ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಲಸ ಯಾವುದೆಂದು ಬರೆಯುವ ಜಾಗದಲ್ಲಿ 'ಇತರೆ' ಎಂದಿತ್ತು. ಖಾಯಂ ಮಾಡಿ ಎಂದು ಕೊಟ್ಟ ಅರ್ಜಿಗಳು ಪ್ರತಿಸಲ ಅಲ್ಲೇ ಮುಗ್ಗರಿಸುತ್ತಿದ್ದವು: ಯಾವ ಕೆಲಸಕ್ಕೆ ಖಾಯಂ ಮಾಡುವುದು? ಮೊದಲ ದಿನ ಕಚೇರಿಯ ಮೆಟ್ಟಿಲಿಳಿಯುತ್ತ ಅವರು ನನಗೆ ಹೇಳಿದ್ದು ಇದು, ಇದರಲ್ಲಿ ನನಗೆ ಅನುಮಾನವಿಲ್ಲ: "ಪೈಪೆಲ್ಲ ಕಾಗದದ ಮೇಲೆ ಬಂದ್ರೆ ನನ್ನ ಕೆಲಸಾನೂ ಕಾಗದದ ಮೇಲೆ ಬರ್ತದಲ್ಲ. ನೀವು ಚಂದ ಮಾಡಿ ಬರೀರಿ ಮಾರಾಯ್ರೆ."

ಬಾಬಣ್ಣ ಇದನ್ನು ಬೇರೆ ತರ ನೋಡಿದ. ನಾವು ಅವನ ಅಂಗಡಿಯ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಾಗ ಬಾಳೆಗೊನೆಯ ಹಿಂದಿನಿಂದ ಕೇಳಿದ: "ಅಲ್ಲ ಹೂವಪ್ಪ, ತಲೇಲಿರೋದೆಲ್ಲ ಇವ್ರಿಗೆ ಬಗ್ಗಿಸಿ ಕೊಟ್ಮೇಲೆ ನಿನ್ನ ತಲೆ ಎಂತಕ್ಕೆ? ಟೋಪಿ ಇಡಕ್ಕಾ?" ಹೂವಪ್ಪ ನಕ್ಕರು. ನಾನೂ ನಕ್ಕೆ. ಬಾಬಣ್ಣ ನಗಲಿಲ್ಲ, ಇಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟ.

ಹೂವಪ್ಪನವರ ಅಳತೆ ಹೆಜ್ಜೆಯದ್ದು. ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯ ಗೋಡೆ ಮುಗಿಯುವಲ್ಲಿಂದ ಹನ್ನೊಂದು ಹೆಜ್ಜೆ, ಹಳೇ ಅಂಚೆ ಕಚೇರಿಯ ಮೆಟ್ಟಿಲಿನಿಂದ ಆರು, ಡಾಕ್ಟರ ಗೇಟಿನ ಕಂಬದಿಂದ ನಾಲ್ಕೂವರೆ. ಆ ಅರ್ಧ ಹೆಜ್ಜೆಯ ಮೇಲೆ ನನಗೆ ವಿಪರೀತ ತಕರಾರಿತ್ತು. ಚಾವಿ ಕೆಳಗಿಟ್ಟು ಒಮ್ಮೆ ನಡೆದು ತೋರಿಸಿ ಎಂದರೆ ಅವರು ಒಪ್ಪುತ್ತಿರಲಿಲ್ಲ. ಹೆಗಲ ಮೇಲೆ ಚಾವಿ ಇದ್ದಾಗಿನ ಹೆಜ್ಜೆ ಬೇರೆ, ಬರಿಗೈಯ ಹೆಜ್ಜೆ ಬೇರೆ. ಲೆಕ್ಕವೆಲ್ಲ ಚಾವಿಯ ಭಾರದ ಮೇಲೆ ಕೂತದ್ದು ಎನ್ನುತ್ತಿದ್ದರು. ವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ಮಾತೇ. ಆಗ ನನಗೆ ಮೌಢ್ಯವಾಗಿ ಕಂಡಿತು. ನಾನು ಹೆಜ್ಜೆಗಳನ್ನು ಬಿಟ್ಟು ಪಟ್ಟಿ ಹಿಡಿದು ಅಡಿ, ಅಂಗುಲ ಬರೆದುಕೊಳ್ಳುತ್ತಿದ್ದೆ. ಪಟ್ಟಿಯ ಸೊನ್ನೆಯ ತುದಿಯನ್ನು ಅವರು ಹಿಡಿಯುತ್ತಿದ್ದರು, ಅಂಕಿ ಓದುವ ತುದಿ ನನ್ನದು.

ಮಣ್ಣು ಸರಿಸಿ ಚಪ್ಪಡಿ ಎತ್ತಿ ವಾಲ್ವು ಕಾಣಿಸಿದ ಮೇಲೂ ಅವರ ಶಾಸ್ತ್ರ ಮುಗಿಯುತ್ತಿರಲಿಲ್ಲ. ಚಾವಿಯ ಕೆಳತುದಿಯನ್ನು ವಾಲ್ವಿನ ತಲೆಗೆ ಕೂರಿಸಿ ಮೇಲ್ತುದಿಗೆ ಕಿವಿ ಕೊಡುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರು. ನೀರು ಓಡುತ್ತಿದೆಯೋ, ನಿಂತಿದೆಯೋ, ಎಲ್ಲಾದರೂ ಸೋರುತ್ತಿದೆಯೋ ಅದರಲ್ಲಿ ಗೊತ್ತಾಗುತ್ತಿತ್ತಂತೆ. ನಾನೂ ಒಮ್ಮೆ ಕಿವಿ ಇಟ್ಟೆ. ನನ್ನ ಕಿವಿಯ ರಕ್ತ ಓಡುವ ಶಬ್ದ ಮಾತ್ರ ಕೇಳಿಸಿತು ಎಂದೆ. ಹೂವಪ್ಪ, "ಅದೇ ಇರ್ಬೋದು, ಆದ್ರೆ ಒಂದು ಸೆಕೆಂಡು ನಿಮ್ಮ ರಕ್ತ ನಿಲ್ಸಿ ನೋಡಿ, ಗೊತ್ತಾಗ್ತದೆ" ಎಂದರು. ಇದು ಕುಹಕವೋ ಸಲಹೆಯೋ ಎಂದು ಬಹಳ ದಿನ ಯೋಚಿಸಿದ್ದೆ.

ಹದಿನೇಳನೆಯದು ದಿಬ್ಬದ ಬೀದಿಯ ತಿರುವಿನಲ್ಲಿ. ದಿನಾ ತಿರುಗಿಸುವುದಲ್ಲ, ದಿಬ್ಬಕ್ಕೆ ಏರುವ ನೀರನ್ನು ಹೆಚ್ಚು ಕಡಿಮೆ ಮಾಡಲು ಅಪರೂಪಕ್ಕೊಮ್ಮೆ ಮುಟ್ಟುವಂಥದ್ದು. ಅಲ್ಲಿ ಹೂವಪ್ಪ ಎರಡು ಗುರುತು ಹೇಳಿದರು. ಒಂದು, ಸ್ವಲ್ಪ ದೂರದ ಮೋರಿಯ ಕಲ್ಲು. ಇನ್ನೊಂದು, ಹತ್ತಿರದ ಬಾಬಣ್ಣನ ಗೂಡಂಗಡಿ. ಅಥವಾ ಅವರು ಮೋರಿಯ ಕಲ್ಲೊಂದನ್ನೇ ಹೇಳಿ, ಬಿಸಿಲಿಗೆ ಅಷ್ಟು ದೂರ ನಡೆಯಲಾಗದ ನಾನು ಅಂಗಡಿಯಿಂದ ಅಳೆಯೋಣ ಎಂದೆನೋ. ಇಲ್ಲಿ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಸೊನ್ನೆಯ ತುದಿಯನ್ನು ಅಂಗಡಿಯ ಎಡ ಮುಂಗಾಲಿಗೆ ಒತ್ತಿ ಹಿಡಿದು ಹೂವಪ್ಪ ಕುಕ್ಕರಗಾಲಲ್ಲಿ ಕೂತಿದ್ದು ಸ್ಪಷ್ಟವಾಗಿ ಕಾಣುತ್ತದೆ. ಹದಿನಾಲ್ಕು ಅಡಿ ಎಂದು ನಾನು ಬರೆದುಕೊಂಡೆ.

ಭೂಗೋಳದ ಎಂ.ಎ. ಗೂಡಂಗಡಿಯನ್ನು ಸ್ಥಿರ ಬಿಂದುವೆಂದು ಹಿಡಿದದ್ದು ಹೇಗೆ ಎಂದು ನೀವು ಕೇಳಬಹುದು. ನಾಲ್ಕು ಮರದ ಕಾಲಿನ ಮೇಲೆ ನಿಂತ ಪೆಟ್ಟಿಗೆ ಅದು. ಆದರೆ ನಮ್ಮಂಥ ಊರುಗಳಲ್ಲಿ ಬಂಗಲೆಗಳು ಕೈ ಬದಲಾಗುತ್ತವೆ, ಚಿತ್ರಮಂದಿರ ಮದುವೆ ಛತ್ರವಾಗುತ್ತದೆ, ಗೂಡಂಗಡಿ ಮಾತ್ರ ಅಲ್ಲೇ ಇರುತ್ತದೆ. ಬಾಬಣ್ಣನ ಅಪ್ಪನ ಕಾಲದಿಂದ ಅದು ಅಲ್ಲಿತ್ತು. ಅದರ ಕಾಲುಗಳು ಎಂದಾದರೂ ಎದ್ದು ನಡೆದಾವು ಎಂದು ನನಗೆ ಹೊಳೆಯಲಿಲ್ಲ. ಹೂವಪ್ಪನವರಿಗೆ ಹೊಳೆದಿತ್ತೇ ಎಂಬುದೇ ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆ.

ನಕ್ಷೆ ಮುಗಿದಾಗ ಪುರಸಭೆಯ ಸಭಾಂಗಣದಲ್ಲಿ ಅದನ್ನು ಗೋಡೆಗೆ ತೂಗು ಹಾಕಿದರು. ನನಗೆ ಶಾಲು ಹೊದಿಸಿದರು. ಹೂವಪ್ಪ ಬಾಗಿಲ ಬಳಿ ನಿಂತಿದ್ದರು. ಸದಸ್ಯರ ಮುಂದಿದ್ದ ಲೋಟಗಳಿಗೆ ನೀರು ತುಂಬಿಸಿಟ್ಟವರು ಅವರೇ. ಇದರಲ್ಲಿ ಹೂವಪ್ಪನವರ ಹೆಸರೂ ಬರಬೇಕು ಎಂದು ಆ ದಿನ ನಾನು ಎದ್ದು ಹೇಳಿದೆ ಎಂದು ನನ್ನ ನೆನಪು. ಹಲವರಿಗೆ ಹಾಗೆಂದು ಹೇಳಿಯೂ ಇದ್ದೇನೆ. ಹೋದ ವಾರ ಮೇಜಿನ ಮೇಲೆ ಬಿಚ್ಚಿಕೊಂಡ ಕಾಗದದಲ್ಲಿ ನನ್ನ ಹೆಸರೊಂದೇ ಇದೆ, ಕೆಳಗೆ ಇನ್ನೊಂದು ಹೆಸರು ಬರೆಯಲು ಬೇಕಾದಷ್ಟು ಜಾಗವೂ ಇದೆ. ಹೇಳಿದ್ದರೆ ಬರೆಯಲು ಯಾರ ಅಪ್ಪಣೆ ಬೇಕಿತ್ತು? ಪೆನ್ನು ನನ್ನದೇ ಆಗಿತ್ತಲ್ಲ.

ಮುಂದಿನ ಸಭೆಯಲ್ಲಿ ಹೂವಪ್ಪನವರ ಅರ್ಜಿ ಬಂತು. ಈಗ ವಾಲ್ವುಗಳೆಲ್ಲ ನಕ್ಷೆಯಲ್ಲಿರುವುದರಿಂದ ಆ ಕೆಲಸಕ್ಕೆ ಪ್ರತ್ಯೇಕ ಖಾಯಂ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ ಎಂದು ಠರಾವಾಯಿತು. ನೀರು ಬಿಡುವ ಕೆಲಸ ಗುತ್ತಿಗೆಗೆ ಹೋಯಿತು. ಹೂವಪ್ಪ ಚಾವಿಯನ್ನು ಕಚೇರಿಗೆ ತಂದು ಗೋಡೆಗೆ ಆನಿಸಿ, ಅದನ್ನು ಒಪ್ಪಿಸಿದ್ದಕ್ಕೆ ಒಂದು ಚೀಟಿ ಬರೆಸಿಕೊಂಡು, ಮಲ್ಲಂದೂರು ಕಡೆಯ ಒಂದು ಎಸ್ಟೇಟಿನಲ್ಲಿ ಕೆಲಸ ಹಿಡಿದರು. ಆ ಚೀಟಿಯಲ್ಲಿ "ನೀರುಗಂಟಿ ಹೂವಪ್ಪನಿಂದ ಪಡೆಯಲಾಗಿದೆ" ಎಂದಿತ್ತಂತೆ. ಅವರ ಕೆಲಸದ ಹೆಸರು ಪುರಸಭೆಯ ಕಾಗದದಲ್ಲಿ ಬಂದದ್ದು ಅದೊಂದೇ ಸಲ, ಕೆಲಸ ಬಿಡುವ ದಿನ. ಇದನ್ನು ನನಗೆ ಹೇಳಿದವನು ಬಾಬಣ್ಣ. ಆ ದಿನ ಬಾಳೆಹಣ್ಣು ಕೊಡಲಿಲ್ಲ.

ಆ ಮೇ ತಿಂಗಳಲ್ಲಿ ಚರಂಡಿ ಅಗಲ ಮಾಡಲು ಪುರಸಭೆಯೇ ಬಾಬಣ್ಣನಿಗೆ ನೋಟೀಸು ಕೊಟ್ಟಿತು. ಎಂಟು ಜನ ಸೇರಿ ಅಂಗಡಿಯನ್ನು ಗಾಜಿನ ಭರಣಿಗಳ ಸಮೇತ ಎತ್ತಿ ರಸ್ತೆಯ ಆಚೆ ಬದಿಗೆ ಇಟ್ಟರು. ನಾನು ನಿಂತು ನೋಡಿದೆ. ಭರಣಿಯೊಳಗಿನ ಪೆಪ್ಪರಮಿಂಟುಗಳು ಕುಣಿದದ್ದು ಕೂಡ ನೆನಪಿದೆ. ನನ್ನ ನಕ್ಷೆಯ ಒಂದು ಮೂಲೆ ಕಣ್ಣೆದುರೇ ಎದ್ದು ಹೋಗುತ್ತಿದೆ ಎಂದು ಮಾತ್ರ ತಲೆಗೆ ಬರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ನಲ್ಲಿಯಲ್ಲಿ ಏನು ಬಂತು, ಬರಲಿಲ್ಲ ಎಂದು ಯಾರೂ ವಿಚಾರಿಸುವುದಿಲ್ಲ. ಪುರಸಭೆಯ ತಪ್ಪುಗಳೆಲ್ಲ ಆಗ ಹಾಯಾಗಿ ಮಲಗಿರುತ್ತವೆ. ಕಾಫಿ ಕೊಯ್ಲು ಮುಗಿದು ಬಿಸಿಲೇರಿದ ಮೇಲೆ ದಿಬ್ಬದ ಬೀದಿಗೆ ನೀರು ಏರಲಿಲ್ಲ. ಹದಿನೇಳನೆಯದನ್ನು ಇನ್ನಷ್ಟು ತೆರೆಯಬೇಕಿತ್ತು. ಗುತ್ತಿಗೆಯವರು ನಕ್ಷೆ ಹಿಡಿದು ಬಂದರು, ಅಂಗಡಿ ಈಗಿರುವ ಕಡೆಯಿಂದ ಹದಿನಾಲ್ಕು ಅಡಿ ಅಳೆದು ಅಗೆದರು. ಕೆಂಪು ಮಣ್ಣು ಬಂತು. ಇನ್ನೊಂದು ಕಾಲಿನಿಂದ ಅಳೆದು ಅಗೆದರು. ಅಂಗಡಿ ಮೊದಲಿದ್ದ ಜಾಗವನ್ನು ಚರಂಡಿ ನುಂಗಿದ್ದರಿಂದ ಮೂರನೆಯದು ಅಂದಾಜಿನ ಗುಂಡಿ. ಆ ವಾರ್ಡಿನ ಸದಸ್ಯೆ ಲಲಿತಮ್ಮ, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು, ಮನೆಯಿಂದ ಕುರ್ಚಿ ತರಿಸಿ ಗುಂಡಿಗಳ ಪಕ್ಕ ಹಾಕಿಕೊಂಡು ಕೂತರು. ಸುತ್ತ ಕೊಡ ಹಿಡಿದ ಹೆಂಗಸರು. ಮುಖ್ಯಾಧಿಕಾರಿಗಳು ಬಂದಾಗ ಲಲಿತಮ್ಮ ಎದ್ದು ನಿಲ್ಲದೆ ಹೇಳಿದರು: "ಮೂರು ಗುಂಡಿ ಆಯ್ತು ಸ್ವಾಮಿ. ನಾಲ್ಕನೇದಕ್ಕೆ ಬಾಳೆ ಕಂದನ್ನೂ ತರಿಸ್ಬಿಡಿ. ನೀರು ಸಿಗದಿದ್ರೂ ಗೊನೆ ಆದ್ರೂ ಬಿಡ್ತದೆ."

ಹನ್ನೊಂದನೆಯ ದಿನ ಪುರಸಭೆಯ ಜೀಪು ಮಲ್ಲಂದೂರಿಗೆ ಹೊರಟಿತು. ನಕ್ಷೆ ಬರೆದವನು ಎಂದು ನನ್ನನ್ನೂ ಹತ್ತಿಸಿದರು. ಹೂವಪ್ಪ ತೋಟದಲ್ಲಿ ಸ್ಪ್ರಿಂಕ್ಲರಿನ ಪೈಪುಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದರು. ಅವರ ಪಾಲಿಗೆ ಅದು ಸುಖದ ಕೆಲಸವಿರಬೇಕು. ಪೈಪುಗಳೆಲ್ಲ ನೆಲದ ಮೇಲೇ ಇದ್ದವು. ಬೈಯುತ್ತಾರೆ ಎಂದುಕೊಂಡಿದ್ದೆ. ಷರತ್ತು ಹಾಕುತ್ತಾರೆ ಎಂದೂ ಅಂದುಕೊಂಡಿದ್ದೆ, ನಾನಾಗಿದ್ದರೆ ಹಾಕುತ್ತಿದ್ದೆ. ಅವರು ಕೇಳಿದ್ದು ದಿಬ್ಬಕ್ಕೆ ಎಷ್ಟು ದಿನದಿಂದ ನೀರಿಲ್ಲ ಎಂದು. ಹನ್ನೊಂದು ಎಂದಾಗ ಪೈಪು ಕೆಳಗಿಟ್ಟು, ಎಸ್ಟೇಟಿನ ಲೆಕ್ಕ ನೋಡುವ ರೈಟರಿಗೆ ಹೇಳಿ ಬರುತ್ತೇನೆಂದು ಹೋದರು.

ಜೀಪಿನಲ್ಲಿ ನಾನು ಕೇಳಿಯೇಬಿಟ್ಟೆ: ಬೇರೆ ಎಲ್ಲ ಕಡೆ ಗೋಡೆ, ಕಂಬ, ಕಲ್ಲು, ಇದೊಂದಕ್ಕೆ ಮಾತ್ರ ಗೂಡಂಗಡಿ ಏಕೆ? ಬೇಕೆಂದೇ ಕೊಟ್ಟ ಗುರುತೇ ಅದು? ಹೂವಪ್ಪ ಹೊರಗೆ ನೋಡುತ್ತ ಹೇಳಿದರು: "ಅಂಗಡಿ ಎದ್ದು ಹೋಗ್ತದೆ ಅಂತ ನಂಗೇನು ಕನಸು ಬಿದ್ದಿತ್ತಾ ಮಾರಾಯ್ರೆ? ನಿಮ್ಮ ನಕ್ಷೆ ಸರಿ ಇದೆ. ಅಂಗಡಿ ತಪ್ಪಿದೆ."

ಊರಿಗೆ ಬಂದು ಚಾವಿ ತರಿಸಿ ಹೆಗಲಿಗೇರಿಸಿಕೊಂಡರು. ಯಾರ ಮುಖವನ್ನೂ ನೋಡದೆ ಮೋರಿಯ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು ನಡೆಯತೊಡಗಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ನಿಂತಲ್ಲಿ ಅಗೆದಾಗ ಮೊಣಕೈ ಆಳದಲ್ಲಿ ಚಪ್ಪಡಿ, ಅದರಡಿ ವಾಲ್ವು. ಕಿವಿ ಇಟ್ಟು ಕೇಳಿ, ಎರಡು ಸುತ್ತು ತಿರುಗಿಸಿದರು. ಸ್ವಲ್ಪ ಹೊತ್ತಿಗೆ ದಿಬ್ಬದ ಮೇಲಿನಿಂದ ಯಾರೋ ಬಂತು ಬಂತು ಎಂದು ಕೂಗಿದರು. ಲಲಿತಮ್ಮ ಕುರ್ಚಿ ಎತ್ತಿಕೊಂಡು ಹೊರಟರು.

ಎಲ್ಲರೂ ಕರಗಿದ ಮೇಲೆ ನಾನು ನಕ್ಷೆ ಬಿಚ್ಚಿ, ಹದಿನಾಲ್ಕು ಅಡಿ ಎಂಬುದನ್ನು ಹೊಡೆದು ಹಾಕಲು ಪೆನ್ನು ತೆಗೆದೆ. ಚಪ್ಪಡಿಯ ಮೇಲೆ ಮಣ್ಣೆಳೆಯುತ್ತಿದ್ದ ಹೂವಪ್ಪ ತಲೆಯೆತ್ತಲಿಲ್ಲ.

"ಅದೊಂದು ಹಾಗೇ ಇರ್ಲಿ ಬಿಡಿ. ಅದೊಂದರಿಂದ ನಾನಿದ್ದೀನಿ."

ಎರಡನೆಯ ವಾಕ್ಯವನ್ನು ಅವರು ಹೇಳಿದರೋ ಇಲ್ಲವೋ ಎಂದು ನನಗೆ ಈಗ ಪ್ರಮಾಣ ಮಾಡಿ ಹೇಳಲಾಗದು. ಹೊತ್ತಾಯಿತು, ನಾಳೆ ನೋಡೋಣ ಎಂಬ ಅರ್ಥದಲ್ಲಿ ಹಾಗೇ ಇರಲಿ ಎಂದಷ್ಟೇ ಅಂದಿರಬಹುದು. ಉಳಿದದ್ದನ್ನು ನನ್ನ ಮನಸ್ಸು ನಂತರ ಸೇರಿಸಿರಬಹುದು, ಸೋಮಾರಿತನಕ್ಕೆ ಕರುಣೆಯ ಹೆಸರಿಡಲು ಅದಕ್ಕಿಂತ ಅನುಕೂಲದ ವಾಕ್ಯ ಸಿಗುವುದು ಕಷ್ಟ. ಖಚಿತವಾಗಿ ಗೊತ್ತಿರುವುದು ಇಷ್ಟು: ನಾನ್ಯಾವತ್ತೂ ತಿದ್ದಲಿಲ್ಲ. ಎಷ್ಟು ಹೆಜ್ಜೆ ಎಂಬುದು ಇಬ್ಬರ ತಲೆಯಲ್ಲಿ ಉಳಿಯಿತು. ಮುಖ್ಯಾಧಿಕಾರಿಗಳು ತಿದ್ದಿದೆಯಾ ಎಂದು ಕೇಳಿದಾಗ ಹೂಂ ಎಂದೆ. ಅವರು ನಂಬಿದರು, ಆರು ತಿಂಗಳಿಗೆ ವರ್ಗವಾಗಿ ಹೋದರು. ನೀರು ಸರಬರಾಜಿನ ಹಿತದೃಷ್ಟಿಯಿಂದ ಸದರಿ ಹೂವಪ್ಪನನ್ನು ಮೊದಲಿನಂತೆಯೇ ದಿನಗೂಲಿಯಲ್ಲಿ ಮುಂದುವರಿಸುವುದೆಂದು ಠರಾವಾಗಿ, ಅವರು ಮೊಣಕಾಲು ಸೋಲುವವರೆಗೂ ಹಾಗೆಯೇ ಮುಂದುವರಿದರು. ಹಾಜರಿ ಪುಸ್ತಕದಲ್ಲಿ 'ಇತರೆ'ಯಾಗಿಯೇ ಹೋದರು. ಅವರು ತೀರಿಕೊಂಡಾಗ ನಾನು ಬೇರೆ ಊರಿನಲ್ಲಿ ಪಾಠ ಮಾಡುತ್ತಿದ್ದೆ. ಸುದ್ದಿ ತಿಳಿದದ್ದು ತಿಂಗಳ ಮೇಲೆ.

ಅವರು ಬಿಟ್ಟ ಮೇಲೆ ಹದಿನೇಳನೆಯ ವಾಲ್ವನ್ನು ಯಾರೂ ಮುಟ್ಟಿಲ್ಲ, ಮುಟ್ಟಲು ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಸಲ ಅವರು ತಿರುಗಿಸಿಟ್ಟ ಅಳತೆಯಲ್ಲೇ ದಿಬ್ಬಕ್ಕೆ ಇವತ್ತಿಗೂ ನೀರು ಏರುತ್ತಿದೆ. ಊರು ಒಬ್ಬನ ತಲೆಯೊಳಗೆ ಇರಬಾರದು ಎಂಬ ಆ ಒಳ್ಳೆಯ ಮಾತನ್ನು ಗೋಡೆಗೆ ತೂಗು ಹಾಕಿದವನು ನಾನು. ಊರಿನ ಒಂದು ತುಂಡನ್ನು ತಲೆಯೊಳಗೆ ಹೊತ್ತುಕೊಂಡು ತಿರುಗಿದವನೂ ನಾನೇ. ಅದೂ ಇಂಥ ತಲೆ.

ಇಷ್ಟನ್ನೆಲ್ಲ ಚೈತ್ರಾರಿಗೆ ಹೇಳಲಿಲ್ಲ. ಹಳೆಯ ಚಾವಿ ಉಗ್ರಾಣದಲ್ಲಿದ್ದರೆ ತರಿಸಿ ಎಂದೆ. ಇತ್ತು, ಹಿಡಿಯ ಕಡೆ ಮಾತ್ರ ತುಕ್ಕು ಹಿಡಿದಿರಲಿಲ್ಲ. ಶನಿವಾರ ಬೆಳಿಗ್ಗೆ ಮೋರಿಯ ಕಲ್ಲಿಗೆ ಹಿಮ್ಮಡಿ ತಾಗಿಸಿ, ಚಾವಿ ಹೆಗಲಿಗೇರಿಸಿಕೊಂಡು ನಿಂತೆ. ಎಷ್ಟು ಹೆಜ್ಜೆ ಸಾರ್ ಎಂದರು. ಹತ್ತೊಂಬತ್ತು ಎಂದೆ, ಕೂಡಲೇ ಇಪ್ಪತ್ತೊಂದೂ ಇರಬಹುದು ಎಂದೆ. ಪರವಾಗಿಲ್ಲ, ಎರಡೂ ಕಡೆ ಸುಣ್ಣ ಹಾಕುತ್ತೇನೆ ಎಂದರು ಆಕೆ. ಸಂಶಯಕ್ಕೆ ಅಷ್ಟು ಸಲೀಸಾಗಿ ಜಾಗ ಕೊಟ್ಟವರನ್ನು ನಾನು ವಿಶ್ವವಿದ್ಯಾಲಯದಲ್ಲೂ ಕಂಡಿರಲಿಲ್ಲ.

ಚಾವಿಯ ಭಾರಕ್ಕೆ ನನ್ನ ಹೆಜ್ಜೆ ತಾನಾಗಿ ಗಿಡ್ಡವಾಯಿತು. ಹತ್ತೊಂಬತ್ತರಲ್ಲಿ ಅಗೆದರೆ ಏನೂ ಸಿಗಲಿಲ್ಲ, ಇಪ್ಪತ್ತೊಂದರಲ್ಲೂ ಇಲ್ಲ. ಅಗೆಯುವವರು ನನ್ನ ಕಡೆ ನೋಡುವುದನ್ನು ನಿಲ್ಲಿಸಿದರು. ಬೇರೆ ದಾರಿ ಕಾಣದೆ ಎರಡು ಗುಂಡಿಗಳ ಆಸುಪಾಸಿನಲ್ಲಿ ಅಲ್ಲಲ್ಲಿ ಸರಳನ್ನು ನೆಲಕ್ಕೆ ಊರಿ ಮೇಲ್ತುದಿಗೆ ಕಿವಿ ಇಟ್ಟೆ. ನಾಲ್ಕು ಕಡೆ ನನ್ನ ರಕ್ತವೇ ಓಡುತ್ತಿತ್ತು. ಐದನೆಯ ಕಡೆ, ಎರಡನೆಯ ಗುಂಡಿಯಿಂದ ಎರಡಡಿ ಆಚೆ, ಶಬ್ದ ಸ್ವಲ್ಪ ಬೇರೆ ಇತ್ತು. ಇತ್ತು ಎಂದು ಅನ್ನಿಸಿತು. ಇಲ್ಲಿ ನೋಡಿ ಎಂದೆ. ಮೊಣಕೈ ಆಳದಲ್ಲಿ ಗುದ್ದಲಿ ಚಪ್ಪಡಿಗೆ ಬಡಿಯಿತು.

ಚೈತ್ರಾ ಫೋಟೋ ತೆಗೆದು ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಂಡರು. ಪರದೆಯ ಮೇಲೆ ಒಂದು ನಮೂನೆ ತೆರೆದಿತ್ತು. ಮಾಹಿತಿ ನೀಡಿದವರ ಹೆಸರು ಎಂಬಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಒತ್ತಿದ್ದರು. ಅದಲ್ಲ, ನೀರುಗಂಟಿ ಹೂವಪ್ಪ ಎಂದು ಹಾಕಿ ಎಂದೆ. ಅವರು ಈಗಿಲ್ಲವಲ್ಲ ಎಂದರು. ಮಾಹಿತಿ ಅವರದೇ ಎಂದೆ. ಆಕೆ ಹಾಗೆಯೇ ತುಂಬಿದರು. ಆದರೆ ನಮೂನೆ ಮುಂದೆ ಹೋಗಲಿಲ್ಲ. ಹೆಸರಿನ ಕೆಳಗೆ ಮೊಬೈಲ್ ನಂಬರು ಬೇಕಿತ್ತು. ನನ್ನದನ್ನು ಹಾಕಿ ಎಂದೆ.

"ನೋಡ್ಕೊಳ್ಳಿ ಸಾರ್. ಇದು ಪುರಸಭೆ ವೆಬ್‌ಸೈಟಲ್ಲಿ ಜನರಿಗೂ ಕಾಣತ್ತೆ. ಫೋನ್ ಮಾಡಿದ್ರೆ?"

ಸೋಮವಾರ ಕಾಂಕ್ರೀಟು ಬಿತ್ತು. ತಿರುವಿನಲ್ಲಿ ಈಗ ಕಬ್ಬಿಣದ ದುಂಡು ಮುಚ್ಚಳವಿದೆ, ನನ್ನ ತಲೆಯಲ್ಲಿ ಅಷ್ಟು ಜಾಗ ಖಾಲಿಯಾಗಿದೆ. ಈ ದಿನ ಬೆಳಿಗ್ಗೆ ಆರೂಕಾಲಿಗೆ ಕಾಫಿ ಸೋಸುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು, ವಯಸ್ಸಾದ ಹೆಂಗಸಿನ ದನಿ.

"ಹಲೋ, ನೀರುಗಂಟಿ ಹೂವಪ್ಪನವ್ರಾ? ದಿಬ್ಬದ ಬೀದಿಯಿಂದ ಮಾತಾಡೋದು. ನೀರು ತೀರ ಸಣ್ಣ ಬರ್ತಾ ಇದೆ ಮಾರಾಯ್ರೆ."

ಅವರು ನಾನಲ್ಲ ಎನ್ನಲು ಬಾಯಿ ತೆರೆದೆ.

"ಹೌದು, ಹೇಳಿ" ಎಂದೆ. ಎಷ್ಟು ಮನೆಗೆ ಎಂದು ಕೇಳಿ, ಬರೆದುಕೊಳ್ಳಲು ಪೆನ್ನು ಹುಡುಕಿದೆ.